ಬೆಲ್ಲ ಹೊರದೇಶಕ್ಕೆ ಕಳಿಸೋಕೆ ಏಜೆಂಟ್ ಬೇಕಾ?

ಆಲೆಮನೆಯವನು, ಪಾಂಡವಪುರ:
ಅಪ್ಪನ ಕಾಲದಿಂದ ಅಚ್ಚುಬೆಲ್ಲ ಮಾಡಿ ಮಂಡ್ಯ ಮಾರುಕಟ್ಟೆಗೆ ಹಾಕುತ್ತಿದ್ದೇವೆ. ದುಬೈಯಲ್ಲಿರುವ ನಮ್ಮೂರಿನವರೊಬ್ಬರು ಕೆಮಿಕಲ್ ಹಾಕದ ಬೆಲ್ಲ ಕೇಳುತ್ತಿದ್ದಾರೆ. ಲೈಸೆನ್ಸ್ ಮಾಡಿಸೋಕೆ ಏಜೆಂಟ್ ಒಬ್ಬ 15 ಸಾವಿರ ಕೇಳಿದ. ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದಲ್ಲಿ ನಮ್ಮಂಥವರು ನೇರವಾಗಿ ಕೇಳಬಹುದಾ?

ಅಗರಬತ್ತಿಯವಳು, ಮೈಸೂರು:
ಖಂಡಿತ ಕೇಳಬಹುದು ಅಣ್ಣ. ದುಡ್ಡು ಕೊಡಬೇಡಿ! ಮೊದಲು ಬೇಕಾಗಿರುವುದು ಐಇಸಿ ನಂಬರ್, ಅಂದರೆ ಆಮದು-ರಫ್ತು ಮಾಡುವವರ ಗುರುತಿನ ಸಂಖ್ಯೆ. ಅದನ್ನು ಆ ಸಚಿವಾಲಯದ ವಿದೇಶ ವ್ಯಾಪಾರದ ಕಚೇರಿ ಡಿಜಿಎಫ್‌ಟಿ ಕೊಡುತ್ತದೆ. ಶುಲ್ಕ 500 ರೂಪಾಯಿ, ಅಷ್ಟೇ. ಪ್ಯಾನ್, ಬ್ಯಾಂಕ್ ಖಾತೆ ಇದ್ದರೆ ಮನೆಯಲ್ಲೇ ಕೂತು ಅರ್ಜಿ ಹಾಕಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಸರಿಯಿದೆ ಅಂತ ಆನ್‌ಲೈನ್‌ನಲ್ಲಿ ಖಚಿತಪಡಿಸಬೇಕು. ನಾನೊಂದು ವರ್ಷ ಮರೆತೆ. ನಂಬರ್ ನಿಂತುಹೋಯಿತು, ಕಟ್ಟಿಟ್ಟ ಪೆಟ್ಟಿಗೆಗಳು ಗೋಡೌನಿನಲ್ಲೇ ಉಳಿದವು. ಆ ಸಂಕಟ ನಿಮಗೆ ಬೇಡ.

ನಂಜನಗೂಡಿನ ರೈತ:
ಕೃಷಿ ಮತ್ತು ಆಹಾರ ಪದಾರ್ಥಗಳ ರಫ್ತು ನೋಡಿಕೊಳ್ಳುವ ಅಪೆಡಾದ ಪಟ್ಟಿಯಲ್ಲಿ ಬೆಲ್ಲ ಇದೆ, ಅಲ್ಲೂ ನೋಂದಣಿ ಮಾಡಿಸಿ. ಅದೂ ಇದೇ ಸಚಿವಾಲಯದ್ದು. ನಮ್ಮ ರಸಬಾಳೆಗೆ ಸಿಕ್ಕ ಜಿಐ ಗುರುತೂ (ಇಂಥ ಊರಿನದೇ ಬೆಳೆ ಅನ್ನುವ ಗುರುತು) ಈ ಸಚಿವಾಲಯದ ಕೆಳಗಿನ ಕಚೇರಿಯಿಂದಲೇ ಬಂದದ್ದು. ಆದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಬರುವುದು ಆರೋಗ್ಯ ಸಚಿವಾಲಯದ ಕೆಳಗೆ. ಅದನ್ನು ಬೇರೆಯಾಗಿ ಮಾಡಿಸಬೇಕು.

ಆಲೆಮನೆಯವನು:
ತುಂಬಾ ಉಪಕಾರ ಆಯಿತು ಅಕ್ಕ, ಅಣ್ಣ. ಪ್ಯಾನ್ ಅಪ್ಪನ ಹೆಸರಲ್ಲಿದೆ. ಅರ್ಜಿಯೂ ಅವರ ಹೆಸರಲ್ಲೇ ಹಾಕಬೇಕು ಅಲ್ವಾ?

ಅಗರಬತ್ತಿಯವಳು:
ಹೌದು. ವ್ಯಾಪಾರ ಯಾರ ಹೆಸರಲ್ಲಿದೆಯೋ ಅವರ ಪ್ಯಾನ್ ನಂಬರೇ ಐಇಸಿ ಆಗುತ್ತದೆ.