ಹಳೇ ಕಾಲದ ಬೇಟೆ ಉಡುಪು: ಹೊಲಿಸಿದವರು ಅನುಭವ ಹೇಳಿ

ಹೊಸ ಬೇಟೆಗಾರ: ನಮಸ್ಕಾರ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಕ್ರಿಸ್ಮಸ್ ಮುಗಿದ ಮೇಲಿನ ಚಕಮಕಿ ಕೋವಿ (ಫ್ಲಿಂಟ್‌ಲಾಕ್, ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಹಳೇ ಕೋವಿ) ಜಿಂಕೆ ಸೀಸನ್‌ಗೆ ಈ ಸಲ 1770ರ ಸುಮಾರಿನ ಅಮೆರಿಕದ ಗಡಿನಾಡ ಬೇಟೆಗಾರರ ಉಡುಪಿನಲ್ಲೇ ಹೋಗಬೇಕು ಅಂತ ಆಸೆ. ಕೋವಿ ಇದೆ, ಲೈಸೆನ್ಸ್ ಇದೆ. ಬಟ್ಟೆಗೆ 600 ಡಾಲರ್ ಇಟ್ಟಿದ್ದೇನೆ. ಕೈಹೊಲಿಗೆಯ ಹಂಟಿಂಗ್ ಶರ್ಟ್ (ಮುಂದೆ ತೆರೆದಿರುವ, ಅಂಚಿಗೆ ಕುಚ್ಚಿರುವ ಸಡಿಲ ಅಂಗಿ), ಲೆಗ್ಗಿಂಗ್ಸ್, ಮಾಕಸಿನ್ (ಮೆತ್ತನೆ ಚರ್ಮದ ಪಾದರಕ್ಷೆ), ರಕೂನ್ ತೊಗಲಿನ ಟೋಪಿ ಬೇಕು. ಎತ್ತರ 6 ಅಡಿ 2 ಅಂಗುಲ, ಎಡಗೈಯವನು. ರೆಡಿಮೇಡ್ ತಗೊಂಡು ಸರಿ ಮಾಡಿಸಲೋ, ಅಳತೆ ಕೊಟ್ಟು ಹೊಲಿಸಲೋ?

ಚಕಮಕಿ: ಅಳತೆ ಕೊಟ್ಟು ಹೊಲಿಸುವ ಸುಖ ಏನು ಅಂತ ನನ್ನನ್ನು ಕೇಳಿ. ಆನ್‌ಲೈನ್‌ನಲ್ಲಿ ಒಬ್ಬರಿಗೆ ಆರ್ಡರ್ ಕೊಟ್ಟೆ, ಹೆಸರು ಬೇಡ. ಶರ್ಟ್‌ಗೆ 260 ಡಾಲರ್. ಹೆಗಲ ಮೇಲಿನ ಕೇಪ್ ಎರಡು ಪದರ ಬೇಕು ಅಂದಿದ್ದಕ್ಕೆ 35. ಒಳಗಿನ ಹೊಲಿಗೆಯೂ ಮಿಷನ್ ಬೇಡ, ಕೈಯಲ್ಲೇ ಆಗಲಿ ಅಂದಿದ್ದಕ್ಕೆ 70. ಕಳಿಸುವ ಖರ್ಚು 19. ಅಲ್ಲಿಗೆ 384. ಪಾರ್ಸೆಲ್ ಬಂದಿದ್ದು ಸೀಸನ್ ಮುಗಿದ ಮೇಲೆ. ಹಾಕಿಕೊಂಡರೆ ತೋಳು ಎತ್ತಲಿಕ್ಕೇ ಆಗಲ್ಲ! ಅವರ ಅಳತೆ ಫಾರಂನಲ್ಲಿ ಎದೆ ಸುತ್ತಳತೆ ಅಂತ ಮಾತ್ರ ಇತ್ತು. ಒಳಗೊಂದು ಲಿನನ್ ಶರ್ಟು, ಅದರ ಮೇಲೆ ಉಣ್ಣೆ ವೇಸ್ಟ್‌ಕೋಟು ಹಾಕಿಕೊಂಡು ಅಳೆಯಿರಿ ಅಂತ ಎಲ್ಲೂ ಬರೆದಿರಲಿಲ್ಲ. ಜನವರಿ ಚಳಿಯಲ್ಲಿ ಬರೀ ಮೈಮೇಲೆ ಯಾರು ಹಾಕ್ತಾರೆ? ಕೇಳಿದರೆ ‘ನೀವೇ ಕೊಟ್ಟ ಅಳತೆ, ವಾಪಸ್ ತಗೊಳ್ಳಲ್ಲ’ ಅಂದರು. ಕಂಕುಳಲ್ಲಿ ಕೊಡುತ್ತಾರಲ್ಲ ಚೌಕದ ತುಂಡು, ಅದನ್ನು ಬಿಚ್ಚಿ ದೊಡ್ಡದು ಹಾಕಲು ಇಲ್ಲಿ ಇನ್ನೊಬ್ಬರು 60 ತಗೊಂಡರು. ಒಟ್ಟು 444. ಆ ತುಂಡಿನ ಲಿನನ್ ಬೇರೆ ಬಣ್ಣ. ಕೋವಿ ಎತ್ತಿದಾಗೆಲ್ಲ ಕಂಕುಳಲ್ಲಿ ಒಂದು ಬಿಳಿ ಚೌಕ ಹೊಳೆಯುತ್ತೆ.

ಮತ್ತೆ ರಕೂನ್ ಟೋಪಿ ಯಾಕ್ರೀ? ಕೆಂಟಕಿ ಗಡಿನಾಡಿನ ಹೆಸರಾಂತ ಬೇಟೆಗಾರ ಡೇನಿಯಲ್ ಬೂನ್‌ಗೇ ಅದು ಇಷ್ಟ ಇರಲಿಲ್ಲ, ಫೆಲ್ಟ್ ಹ್ಯಾಟ್ ಹಾಕುತ್ತಿದ್ದ. ಟಿವಿ ನೋಡಿ ಬಟ್ಟೆ ಕೊಳ್ಳಬೇಡಿ.

ಓಹಾಯೋ ಗೌಡ: ಲಿನನ್ ಅಂತ ಹೋದರೆ ಹೀಗೇ ಆಗೋದು. ನಾನು ಮೇಲಿಂದ ಕೆಳಗಿನವರೆಗೆ ಜಿಂಕೆ ಚರ್ಮದ್ದೇ ಮಾಡಿಸಿದೆ. ಅಂಗಡಿಯಲ್ಲಿ ಸಿಗುವ ಕ್ರೋಮ್ ಲವಣದಲ್ಲಿ ಹದ ಮಾಡಿದ ಹಳದಿ ಚರ್ಮ ಅಲ್ಲ, ಪ್ರಾಣಿಯ ಮಿದುಳು ಹಚ್ಚಿ ಹದ ಮಾಡಿ ಹೊಗೆ ಕೊಟ್ಟಿದ್ದು. ಒಂದು ಚರ್ಮಕ್ಕೆ 140, 6 ಚರ್ಮಕ್ಕೆ 840. ಹೊಲಿಗೆ 250. ಒಟ್ಟು 1090. ಹೆಂಡತಿಗೆ 400 ಅಂತ ಹೇಳಿದ್ದೇನೆ, ಯಾರೂ ಬಾಯಿ ಬಿಡಬೇಡಿ. ಆ ಚರ್ಮದ ಮೇಲೆ ಕೈ ಆಡಿಸಿದರೆ ಗೊತ್ತಾಗುತ್ತೆ, ಮಗುವಿನ ಕೆನ್ನೆ ಇದ್ದ ಹಾಗಿದೆ. ಮುಳ್ಳುಪೊದೆಗೆ ನುಗ್ಗಿದರೂ ಹರಿಯಲ್ಲ, ಸದ್ದಾಗಲ್ಲ. ಹೊಗೆ ಸರಿಯಾಗಿ ಕೊಟ್ಟಿದ್ದರೆ ನೆನೆದು ಒಣಗಿದ ಮೇಲೂ ಮೆತ್ತಗೆ ಬರುತ್ತೆ. ಹೊಗೆ ಕೊಡದ ಚರ್ಮ ಹಲಗೆ ಆಗಿಬಿಡುತ್ತೆ, ಅದು ನೆನಪಿರಲಿ.

ನನ್ನ ಸಂಕಟ ಬೇರೆ. ಓಹಾಯೋದಲ್ಲಿ ಕೋವಿ ಸೀಸನ್‌ನಲ್ಲಿ ಕಿತ್ತಳೆ ಬಣ್ಣದ ವೆಸ್ಟ್ ಕಡ್ಡಾಯ. 1090 ಡಾಲರ್ ಚರ್ಮದ ಮೇಲೆ 8 ಡಾಲರ್ ಪ್ಲಾಸ್ಟಿಕ್ ವೆಸ್ಟ್ ಹಾಕಿಕೊಂಡು ಕೂರಬೇಕು. ನಿಮ್ಮ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ನಂತರದ ಚಕಮಕಿ ಸೀಸನ್‌ಗೆ ಆ ಕಾಟ ಇಲ್ಲ, ಪುಣ್ಯವಂತರು.

ಚಕಮಕಿ: ಗೌಡ್ರೇ, ಚರ್ಮ ನೆನೆದ ದಿನ ಏನಾಯ್ತು ಅದನ್ನೂ ಹೇಳಿ. ಆ ಗಡಿನಾಡಿನಲ್ಲೇ ಬೆಳೆದ ಪಾದ್ರಿ ಒಬ್ಬರು 1824ರಲ್ಲಿ ಬರೆದಿಟ್ಟಿದ್ದಾರೆ: ಚರ್ಮದ ಹಂಟಿಂಗ್ ಶರ್ಟ್ ಮಳೆ ಬಿದ್ದಾಗ ಬಹಳ ತಣ್ಣಗೆ, ಮೈಗೆ ಹಿತ ಇಲ್ಲ ಅಂತ. ಅವರ ಕಡೆ ಹೆಚ್ಚಾಗಿ ಲಿನ್ಸಿ (ಲಿನನ್, ಉಣ್ಣೆ ಬೆರೆಸಿ ನೇಯ್ದ ಬಟ್ಟೆ), ಒರಟು ಲಿನನ್, ಚರ್ಮ ಅಪರೂಪ. ವಾಷಿಂಗ್ಟನ್ ಕೂಡ 1776ರ ಜುಲೈನಲ್ಲಿ ಸೈನಿಕರಿಗೆ ಹಂಟಿಂಗ್ ಶರ್ಟೇ ಹಾಕಿ ಅಂದಿದ್ದು, ಅಗ್ಗ ಮತ್ತು ಅನುಕೂಲ ಅಂತ. ಅದೂ ಅಲ್ಲದೆ ಆ ಶರ್ಟ್ ಕಂಡರೆ ಇವನು ಗುರಿಕಾರ ಅಂತ ಶತ್ರು ಹೆದರುತ್ತಾನೆ ಅಂತ.

ಓಹಾಯೋ ಗೌಡ: ನೆನೆದರೆ ಭಾರ ಆಗುತ್ತೆ, ಪ್ಯಾಂಟು ಮಂಡಿ ಹತ್ರ ಜೋತುಬೀಳುತ್ತೆ. ಒಪ್ಪಿದೆ. ಬಿಳಿ ಚೌಕ ಹೊಳೆಯೋದಿಲ್ಲವಲ್ಲ.

ಚಳ್ಳಕೆರೆ ಕಂಬಳಿ: ನೀವಿಬ್ಬರೂ ಸುಮ್ನೆ ದುಡ್ಡು ಸುರಿದಿದ್ದೀರಿ. ಚಳಿಗೆ ಬೇಕಾಗಿರೋದು ಆ ಕಾಲದ ಉಣ್ಣೆ ಹೊದಿಕೆ, ಅಂದರೆ ಮ್ಯಾಚ್‌ಕೋಟ್. ಇಲ್ಲಿ ಅದಕ್ಕೆ 180ರಿಂದ 220 ಕೇಳ್ತಾರೆ. ನಾನು ಊರಿಗೆ ಹೋದಾಗ ಕುರುಬರ ಹತ್ರ ಕರಿ ಕಂಬಳಿ ತಂದೆ. 3500 ರೂಪಾಯಿ. ಲಗೇಜು ಜಾಸ್ತಿ ಆಯ್ತು ಅಂತ ಏರ್‌ಪೋರ್ಟಿನಲ್ಲಿ 75 ಡಾಲರ್ ಕಿತ್ತರು, ಆದರೂ ಲಾಭವೇ. ಗುಂಡಿ ಮಗ್ಗದ ನೇಯ್ಗೆ, ಹುಣಸೆ ಬೀಜದ ಸರಿ (ಗಂಜಿ) ಹಾಕಿ ಬಿಗಿ ಮಾಡಿದ್ದು. ಮಳೆ ಬಿದ್ದರೆ ನೀರು ಮೇಲೇ ಜಾರಿಹೋಗುತ್ತೆ. ಒಂದು ಸೆರಗು ಎಡ ಹೆಗಲ ಮೇಲೆ, ನಡುವಿಗೆ ಬೆಲ್ಟು, ಬಲಗೈ ಖಾಲಿ. ನಮ್ಮ ಕುರಿಗಾಹಿಗಳು ಹೊದೆಯೋದೂ ಸುಮಾರು ಹಾಗೇ ಅಲ್ವಾ. ಕೋವಿಯ ಕಿಡಿ ಬಿದ್ದರೂ ಉಣ್ಣೆ ಕರಟುತ್ತೆ, ಹೊತ್ತಿ ಉರಿಯಲ್ಲ.

ಒಂದೇ ತೊಂದರೆ. ಚೆನ್ನಾಗಿ ನೆನೆದ ಮೇಲೆ ಹುಣಸೆ ಸರಿ ಬಿಟ್ಟುಕೊಂಡು ವಾಸನೆ ಬರುತ್ತೆ. ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದಕ್ಕೆ ನಮ್ಮ ಮನೆಯವರು ಆ ಕಾರು ಹತ್ತೋದೇ ಬಿಟ್ಟರು. ಒಗೆದರೆ ಗಂಜಿ ಎಲ್ಲಾ ಹೋಗಿ ಕಂಬಳಿ ಜೊಳ್ಳಾಗುತ್ತೆ. ಹಾಗಾಗಿ ಒಗೆದಿಲ್ಲ. ಒಗೆಯೋದೂ ಇಲ್ಲ.

ಚಕಮಕಿ: ಕುರುಬರ ಕಂಬಳಿ 1770ರ ಕೆಂಟಕಿಗೆ ಯಾವ ಹಡಗಿನಲ್ಲಿ ಬಂತಪ್ಪಾ? ಹಳೇ ಕಾಲದ ಉಡುಪು ಅಂದ ಮೇಲೆ ಒಂದು ನಿಯಮ ಬೇಡ್ವಾ? ನಾಳೆ ಇಳಕಲ್ ಸೀರೆ ಸುತ್ತಿಕೊಂಡು ಬಂದು ಇದೂ ಕೈಮಗ್ಗದ್ದೇ ಅನ್ನುತ್ತೀರಿ.

ಚಳ್ಳಕೆರೆ ಕಂಬಳಿ: ಕಾಡಿನಲ್ಲಿ ನನ್ನ ಕಂಬಳಿಯ ರಸೀದಿ ಕೇಳೋಕೆ ಜಿಂಕೆ ಬರಲ್ಲ. 20 ಹೆಜ್ಜೆ ಆಚೆ ನಿಂತು ನೋಡಿ, ಕರಿ ಉಣ್ಣೆ ಹೊದಿಕೆ ಅಷ್ಟೇ ಕಾಣೋದು. ನಿಮ್ಮ 444 ಡಾಲರ್ ಶರ್ಟಿನ ನೂಲು ಯಾವ ಕಾಲದ್ದು? ಮಿಲ್ಲಿನ ಲಿನನ್ ತಾನೇ?

ಸೂಜಿದಾರ: ನಾನು ವರ್ಜೀನಿಯಾದಲ್ಲಿದ್ದು ಈ ಬಟ್ಟೆಗಳನ್ನೇ ಹೊಲಿಯುವವಳು. ಇಷ್ಟು ಹೊತ್ತು ಸುಮ್ಮನಿದ್ದೆ. ಭಾರತದ ಬಟ್ಟೆ ಆಗ ಅಮೆರಿಕಕ್ಕೆ ಬರುತ್ತಿರಲಿಲ್ಲ ಅಂತ ಯಾರೂ ತಿಳಿಯಬೇಡಿ. ಇಂಗ್ಲೆಂಡಿನಲ್ಲಿ 1721ರ ಕಾಯ್ದೆ ಪ್ರಕಾರ ಅಚ್ಚಿನ ಹತ್ತಿ ಬಟ್ಟೆ ಹಾಕುವ ಹಾಗಿರಲಿಲ್ಲ, ಆದರೆ ಭಾರತದಿಂದ ತಂದಿದ್ದನ್ನು ಇಲ್ಲಿನ ವಸಾಹತುಗಳಿಗೆ ಕಳಿಸಬಹುದಿತ್ತು. ಕೋರಮಂಡಲದ ಅಚ್ಚಿನ ಬಟ್ಟೆಯ ಕರವಸ್ತ್ರ ಕುತ್ತಿಗೆಗೆ ಕಟ್ಟಿಕೊಳ್ಳಿ, ಯಾರೂ ಕೇಳಲ್ಲ. ಕಂಬಳಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಇನ್ನು ದುಡ್ಡಿನ ಮಾತು. ಗಜಕ್ಕೆ 18 ಡಾಲರ್ ಲಿನನ್, ಇವರಂಥ ಎತ್ತರದವರಿಗೆ 4 ಗಜ, 72 ಆಯ್ತು. ಲಿನನ್ ದಾರ, ಮೇಣ 11. ಆ ಶರ್ಟಿಗೆ ಪ್ಯಾಟರ್ನ್ ಇಲ್ಲ, ಎಲ್ಲಾ ಚೌಕ ಮತ್ತು ಆಯ. ತೋಳು, ಮೈ, ಕಂಕುಳ ತುಂಡು, ಎಲ್ಲಾ ನೂಲು ಎಳೆದು ಆ ಗೆರೆ ಮೇಲೆ ಕತ್ತರಿಸಬೇಕು, ಒಂದು ಚೂರೂ ಹಾಳಾಗಬಾರದು. ಅಂಚಿನ ಕುಚ್ಚು ಸೀರೆ ಕುಚ್ಚಿನ ಹಾಗೆ ಗಂಟು ಹಾಕೋದಲ್ಲ, ಬಟ್ಟೆಯ ಅಡ್ಡ ನೂಲುಗಳನ್ನು ಒಂದೊಂದಾಗಿ ಸೂಜಿ ಮೊನೆಯಿಂದ ಎಬ್ಬಿಸಿ ಬಿಚ್ಚೋದು. ಕೇಪಿನ ಸುತ್ತ ಮುಗಿಸುವ ಹೊತ್ತಿಗೆ ಕಣ್ಣು ಮಂಜಾಗುತ್ತೆ. ಇಷ್ಟೆಲ್ಲಾ ಮಾಡಿ 280 ಅಂದರೆ ನಮ್ಮವರೇ ಫೋನ್ ಮಾಡಿ ‘ಅಕ್ಕಾ, ದಾವಣಗೆರೆಯಲ್ಲಿ 600 ರೂಪಾಯಿಗೆ ಹೊಲೀತಾರೆ’ ಅಂತಾರೆ. ಹೋಗಿ, ದಾವಣಗೆರೆಯಲ್ಲೇ ಹೊಲಿಸಿ. ಅಮೆರಿಕದವರು ಒಬ್ಬರೂ ಹೀಗೆ ಚೌಕಾಸಿ ಮಾಡಿಲ್ಲ ನನ್ನ ಹತ್ರ.

ಹುಬ್ಬಳ್ಳಿ ಖಾದಿ: ಆ ದಾವಣಗೆರೆ ಮಾತು ನನಗೇ ಅಂತ ಗೊತ್ತು ಅಕ್ಕಾ. ಚೌಕಾಸಿ ಮಾಡಿದ್ದಲ್ಲ, ಸುಮ್ನೆ ಕೇಳಿದ್ದು. ಕೊನೆಗೆ ಊರಲ್ಲೇ ದಪ್ಪ ಖಾದಿ ತಗೊಂಡು ಹೊಲಿಸಿದೆ. ಬಟ್ಟೆ 1400 ರೂಪಾಯಿ, ಹೊಲಿಗೆ 900, ಕೊರಿಯರ್ 4200. ಟೇಲರ್‌ಗೆ ಫೋಟೋ ಕಳಿಸಿ ಎಲ್ಲಾ ವಿವರಿಸಿದ್ದೆ. ಅವರಿಗೆ ಮುಂದೆ ತೆರೆದೇ ಇರುವ ಶರ್ಟು ಅಂದರೆ ತಲೆಗೆ ಹೋಗಲಿಲ್ಲ. ಪಾಪ, ನನಗೆ ಒಳ್ಳೇದಾಗಲಿ ಅಂತ ಗುಂಡಿ ಪಟ್ಟಿ ಇಟ್ಟು 7 ಪ್ಲಾಸ್ಟಿಕ್ ಗುಂಡಿ ಹಾಕಿ, ಎದೆಗೊಂದು ಪೆನ್ ಜೇಬು ಬೇರೆ ಕೊಟ್ಟಿದ್ದರು. ಜೇಬು ಬಿಚ್ಚಿದೆ, ಗುರುತು ಹೋಗಲಿಲ್ಲ. ಕಪ್ಪು ಅಕ್ರೋಟಿನ ಹಸಿ ಸಿಪ್ಪೆ ಕಬ್ಬಿಣದ ಕೊಪ್ಪರಿಗೆಯಲ್ಲಿ ಕುದಿಸಿ ಬಣ್ಣ ಹಾಕಿದ ಮೇಲೆ ಆ ಜೇಬಿನ ಜಾಗ ಇನ್ನೂ ಗಾಢ ಆಯ್ತು. ನನ್ನ ಕೈಯೂ ಕಪ್ಪಾಗಿ ಆಫೀಸಿನಲ್ಲಿ ವಾರಗಟ್ಟಲೆ ಜೇಬಿನಲ್ಲೇ ಕೈ.

ಚಕಮಕಿ: ಹತ್ತಿ! ಹಿಮದಲ್ಲಿ ಹತ್ತಿ! ನೆನೆದರೆ ಸಾಯ್ತೀರಿ ಸ್ವಾಮಿ.

ಹುಬ್ಬಳ್ಳಿ ಖಾದಿ: ಒಳಗೆ ಉಣ್ಣೆ ಇತ್ತು. ಸತ್ತಿಲ್ಲ, ಬರೀತಾ ಇದ್ದೇನೆ.

ಕೊಡಗಿನ ಕೋವಿ: ಎಲ್ಲರೂ ಅಂಗಿಯ ಸುತ್ತವೇ ಸುತ್ತುತ್ತಿದ್ದೀರಿ, ಕಾಲಿನ ಮಾತೇ ಇಲ್ಲ. ನಾನು 165 ಕೊಟ್ಟು ನಡುಹೊಲಿಗೆಯ ಮಾಕಸಿನ್ ಮಾಡಿಸಿದೆ. ಒಣನೆಲದಲ್ಲಿ ಸ್ವರ್ಗ. ಒದ್ದೆ ಎಲೆ ಮೇಲೆ, ಇಳಿಜಾರಿನಲ್ಲಿ, ಕಾಲು ಎಲ್ಲಿ ಹೋಗುತ್ತೋ ದೇವರಿಗೇ ಗೊತ್ತು. ಬಿದ್ದು ಮಣಿಕಟ್ಟು ಉಳುಕಿ, ಡಾಕ್ಟರು, ಎಕ್ಸ್‌ರೇ, ಇನ್ಶೂರೆನ್ಸ್ ಕಳೆದು ಕೈಯಿಂದ 310. ಆ ಪಾದ್ರಿಯೇ ಬರೆದಿದ್ದಾರಲ್ಲ, ಮಳೆಯಲ್ಲಿ ಮಾಕಸಿನ್ ಅಂದರೆ ಮರ್ಯಾದೆಯಾಗಿ ಬರಿಗಾಲಲ್ಲಿ ನಡೆದ ಹಾಗೆ ಅಂತ. ಅವರು ಚಳಿಗೆ ಜಿಂಕೆ ಕೂದಲು, ಒಣ ಎಲೆ ತುಂಬುತ್ತಿದ್ದರು. ನಾನು ಕೂದಲು ತುಂಬಿದೆ, ಒದ್ದೆ ಆದ ಮೇಲೆ ಮುದ್ದೆ ಆಗಿ ಹೆಬ್ಬೆರಳ ಕೆಳಗೆ ಸೇರಿಕೊಂಡಿತು. ಈಗ ದಪ್ಪ ಉಣ್ಣೆ ಬಟ್ಟೆಯನ್ನು ಪಾದಕ್ಕೆ ಸುತ್ತಿ ಹಾಕುತ್ತೇನೆ, ಅಟ್ಟೆಗೆ ಇನ್ನೊಂದು ಪದರ ಚರ್ಮ ಹೊಲಿಸಿದ್ದೇನೆ. ನಮ್ಮ ತಾತ ಕೊಡವರ ಆಯುಧ ಹಬ್ಬ ಕೈಲ್‌ಪೋಳ್ದ್‌ಗೆ ಕೋವಿ ಪೂಜೆ ಮಾಡುವಾಗ ಕುಪ್ಯ (ಉದ್ದನೆ ಕೋಟು), ಚೇಲೆ (ನಡುಪಟ್ಟಿ) ಹಾಕಿ ನಿಂತರೆ ನೋಡಬೇಕಿತ್ತು. ಯಾರಿಗೂ ಅಳತೆ ಫಾರಂ ತುಂಬಿರಲಿಲ್ಲ.

ಸಸ್ಯಾಹಾರಿ: ಪಾಪದ ಪ್ರಾಣಿ ಕೊಲ್ಲೋಕೆ ಇಷ್ಟೊಂದು ಸಿಂಗಾರ ಬೇಕಾ?

ಕೊಡಗಿನ ಕೋವಿ: ನೀವು ಅಡುಗೆ ವಿಷಯದ ಕಡೆ ಹೋಗಿ ಸರ್.

ಹೊಸ ಬೇಟೆಗಾರ: ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ 600ರಲ್ಲಿ ಮೊದಲು ಏನು ತಗೊಳ್ಳಲಿ? ಲೆಗ್ಗಿಂಗ್ಸ್ ಬಗ್ಗೆ ಯಾರೂ ಹೇಳಲಿಲ್ಲ.

ಓಹಾಯೋ ಗೌಡ: ಲೆಗ್ಗಿಂಗ್ಸ್ ಅಂದರೆ ತೊಡೆವರೆಗೆ ಎರಡು ಉಣ್ಣೆ ಕೊಳವೆ, ಮಂಡಿ ಕೆಳಗೆ ಪಟ್ಟಿ ಕಟ್ಟೋದು, ಮೇಲೆ ಲಂಗೋಟಿ. ಹಿಂದುಗಡೆ ಗಾಳಿ ಹೊಡೆಯುತ್ತೆ, ಮೊದಲೇ ಹೇಳಿದ್ದೇನೆ. ನಾನು ಪ್ಯಾಂಟಿಗೆ ಬಂದಿದ್ದು ಅದಕ್ಕೇ.

ಸೂಜಿದಾರ: ಎಡಗೈ ಅಂದಿದ್ದನ್ನು ಇಲ್ಲಿ ಒಬ್ಬರೂ ಓದಿಲ್ಲ. ತಮ್ಮಾ, ನಿನ್ನ ಕೋವಿಯ ಲಾಕ್, ಅಂದರೆ ಕಿಡಿ ಹೊಡೆಯುವ ಭಾಗ, ಯಾವ ಕಡೆ ಇದೆ? ಬಲಗಡೆ ಲಾಕ್ ಇಟ್ಟು ಎಡ ಹೆಗಲಿಂದ ಹೊಡೆದರೆ ಮದ್ದಿನ ಬಟ್ಟಲಿನ ಕಿಡಿ ನಿನ್ನ ಬಲ ಮುಂಗೈ ಮೇಲೇ ಬೀಳೋದು. ಆ ತೋಳು ಬಿಗಿಯಾಗಿರಲಿ, ಕುಚ್ಚು ಬೇಡ, ಮುಂಗೈಗೆ ಉಣ್ಣೆ ಪಟ್ಟಿ ಕೊಡಿಸು. ಪಾಲಿಯೆಸ್ಟರ್ ದಾರ ಬೇಡವೇ ಬೇಡ, ಕರಗಿ ಚರ್ಮಕ್ಕೆ ಅಂಟುತ್ತೆ. ಶರ್ಟನ್ನು ಹೊಳಪು ಕೊಡುವ ಸೋಪಿನ ಪುಡಿಯಲ್ಲಿ ಒಗೀಬೇಡ, ಆ ಹೊಳಪು ನಮಗಿಂತ ಜಿಂಕೆಗೆ ಜಾಸ್ತಿ ಕಾಣುತ್ತೆ.

ಚಕಮಕಿ: ಅಕ್ಕಾ, ಒಳ್ಳೇ ಮಾತು. ಅಂದ ಹಾಗೆ ನನ್ನ ಕಂಕುಳ ತುಂಡಿಗೆ ಅಕ್ರೋಟು ಬಣ್ಣ ಹಾಕಿ ಕೊಡ್ತೀರಾ? ಎಷ್ಟಾಗುತ್ತೆ?

ಸೂಜಿದಾರ: ಬೇರೆಯವರು ಹೊಲಿದಿದ್ದನ್ನು ನಾನು ಮುಟ್ಟಲ್ಲ.

ಚಳ್ಳಕೆರೆ ಕಂಬಳಿ: ಮೇಲೊಂದು ಕಂಬಳಿ ಹೊದ್ದುಕೊಳ್ಳಿ ಸ್ವಾಮಿ, ಚೌಕ ಮುಚ್ಚಿಹೋಗುತ್ತೆ. ಮುಂದಿನ ತಿಂಗಳು ಊರಿಗೆ ಹೋಗ್ತಿದ್ದೇನೆ. 3500, ಜೊತೆಗೆ ಲಗೇಜಿನಲ್ಲಿ ನಿಮ್ಮ ಪಾಲು.

ಚಕಮಕಿ: ವಾಸನೆ ಇಲ್ಲದ್ದು ಸಿಗುತ್ತಾ?