ಸಹಾಯ ಬೇಕು: 6 ಟನ್ ಲೇತ್ ಮೆಷಿನ್ ಇಳಿಸೋಕೆ 12 ಟನ್ ಹೈಡ್ರಾ (ಭಾರ ಎತ್ತಿಕೊಂಡೇ ಓಡಾಡೋ ಕ್ರೇನ್) ಸಾಕಾ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೆಡ್, ಎತ್ತರ 14 ಅಡಿ. ಮುಂದಿನ ವಾರ 6 ಟನ್ನಿನ ಹಳೇ ಲೇತ್ ಬರ್ತಿದೆ. ಲಾರಿಯಿಂದ ಎತ್ತಿ 40 ಅಡಿ ಒಳಗೆ ಒಯ್ದು ಕೂರಿಸ್ಬೇಕು.

ಬಾಡಿಗೆಯವರು "12 ಟನ್ ಹೈಡ್ರಾ ಇದೆ, ಕಣ್ಮುಚ್ಕೊಂಡು ಎತ್ತುತ್ತೆ ಸಾರ್" ಅಂತಾರೆ. ಆದ್ರೆ ಆ 12 ಟನ್ ಅನ್ನೋದು ಬೂಮ್ (ಕ್ರೇನಿನ ಉದ್ದ ತೋಳು) ಪೂರ್ತಿ ಒಳಗಿದ್ದು, ಭಾರ ಗಾಡಿಗೆ ಹತ್ತಿರ ಇದ್ದಾಗಿನ ಲೆಕ್ಕ ಅಲ್ವಾ? ಬೂಮ್ ಹೊರಗೆ ಚಾಚಿದಷ್ಟೂ ತಾಕತ್ತು ಇಳಿಯುತ್ತೆ. ಲೋಡ್ ಚಾರ್ಟ್ (ಬೂಮ್ ಎಷ್ಟು ಚಾಚಿದ್ರೆ ಎಷ್ಟು ಭಾರ ಎತ್ಬಹುದು ಅನ್ನೋ ಪಟ್ಟಿ) ಕೇಳಿದ್ರೆ ನಗ್ತಾರೆ! ವರ್ಷಕ್ಕೊಮ್ಮೆ ಆಗಲೇಬೇಕಾದ ತಪಾಸಣೆಯ ಸರ್ಟಿಫಿಕೇಟೂ ತೋರಿಸ್ಲಿಲ್ಲ. ಬಾಗಿಲ ಹತ್ರ ಇಳಿಜಾರು ಬೇರೆ. ಭಾರ ಹೊತ್ತು ಅಲ್ಲೇ ತಿರುಗ್ಬೇಕು, ನನ್ನ ಭಯವೆಲ್ಲ ಅದೇ.

ಇಂಥ ಕೆಲಸ ಮಾಡಿಸಿದವರು ದಯವಿಟ್ಟು ಹೇಳಿ: ಹೈಡ್ರಾದಲ್ಲೇ ಒಳಗೆ ಒಯ್ಯೋದಾ, ಇಲ್ಲಾ ಬಾಗಿಲಲ್ಲೇ ಇಳಿಸಿ ಪೈಪ್ ರೋಲರ್ ಮೇಲೆ ತಳ್ಳೋದಾ?