ಎಲ್ಲವೂ ‘ಬಹಳ ಮುಖ್ಯ’ ಎಂದು ಬರೆದಿದ್ದೇನೆ, ಈಗ ಯಾವ ದಾರಿ ಹಿಡಿಯಲಿ?

ಪ್ರಶ್ನೆ (ಪ್ರೌಢಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿನಿ):
ನಮಸ್ಕಾರ ಮೇಡಂ. ಶಾಲೆ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳುವ ನಮೂನೆಯೊಂದನ್ನು ತರಗತಿಯಲ್ಲಿ ತುಂಬಿದೆವು. ಸಂಬಳ, ಭದ್ರತೆ, ಆಸಕ್ತಿ, ಮನೆಯವರ ಹತ್ತಿರ ಇರುವುದು, ಜನರಿಗೆ ಉಪಯೋಗ – ಐದಕ್ಕೂ ‘ಬಹಳ ಮುಖ್ಯ’ ಎಂದೇ ಗುರುತು ಹಾಕಿದೆ. ಉದ್ಯೋಗದ ಹೆಸರು ಕೇಳಿದಲ್ಲಿ ‘ವೈದ್ಯೆ’ ಎಂದು ಬರೆದೆ, ಬೇರೇನೂ ತೋಚಲಿಲ್ಲ. ಆದರೆ ನಾನು ಬೇಗ ದುಡಿಯಲು ಶುರುಮಾಡಲಿ ಎಂಬುದು ಮನೆಯವರ ನಿರೀಕ್ಷೆ. ತಪ್ಪು ಆಯ್ಕೆ ಮಾಡಿಬಿಟ್ಟರೆ ಎಂಬ ಭಯಕ್ಕೆ ನಿದ್ದೆ ಬರುತ್ತಿಲ್ಲ.

ಉತ್ತರ (ವೃತ್ತಿ ಮಾರ್ಗದರ್ಶಕಿ):
ಬೇರೇನೂ ತೋಚದಿದ್ದುದು ನಿನ್ನೊಬ್ಬಳ ಕಥೆಯಲ್ಲ. ಹಲವು ದೇಶಗಳ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವ ‘ಪೀಸಾ’ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ 2018ರಲ್ಲಿ 15 ವರ್ಷದವರನ್ನು ‘30ನೇ ವಯಸ್ಸಿಗೆ ಯಾವ ಕೆಲಸದಲ್ಲಿರುತ್ತೀರಿ’ ಎಂದು ಕೇಳಿದ್ದರು. 41 ದೇಶಗಳ ಉತ್ತರ ನೋಡಿದಾಗ ಹುಡುಗಿಯರಲ್ಲಿ ಶೇ 53, ಹುಡುಗರಲ್ಲಿ ಶೇ 47 ಮಂದಿಯ ಆಯ್ಕೆ ಕೇವಲ ಹತ್ತು ಜನಪ್ರಿಯ ಉದ್ಯೋಗಗಳೊಳಗೇ ಇತ್ತು. ಕಣ್ಣಿಗೆ ಬಿದ್ದ ಕೆಲಸವನ್ನಷ್ಟೇ ಮಕ್ಕಳು ಬಯಸಬಲ್ಲರು. ಉಳಿದವನ್ನು ತೋರಿಸದಿರುವುದು ದೊಡ್ಡವರ ತಪ್ಪು ಎಂದೇ ನಾನು ಭಾವಿಸುತ್ತೇನೆ.

ಉದ್ಯೋಗದ ಹೆಸರನ್ನು ಸದ್ಯಕ್ಕೆ ಬದಿಗಿಡು. ಆ ಐದನ್ನೂ ಐದು ಚೀಟಿಗಳಲ್ಲಿ ಬರೆದು, ಎರಡೆರಡನ್ನೇ ಎತ್ತಿಕೊಂಡು ‘ಒಂದನ್ನು ಬಿಡಲೇಬೇಕಾದರೆ ಯಾವುದು?’ ಎಂದು ಕೇಳಿಕೊ. ಒಟ್ಟು ಹತ್ತು ಜೋಡಿ ಆಗುತ್ತವೆ. ಬಿಡುವಾಗ ಹೊಟ್ಟೆಯಲ್ಲಿ ಸಂಕಟವಾದರೆ ಅದನ್ನೂ ಗುರುತು ಹಾಕಿಕೊ. ಸಿಗುವ ಕ್ರಮ ಮುಂದಿನ ಎರಡು ಮೂರು ವರ್ಷಗಳಿಗೆ ಮಾತ್ರ. ವೃತ್ತಿ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಡೊನಾಲ್ಡ್ ಸೂಪರ್ ಸುಮಾರು 15ರಿಂದ 24ರವರೆಗಿನ ವಯಸ್ಸನ್ನು ಹುಡುಕಾಟದ ಹಂತವೆಂದೇ ಕರೆದರು.

ಬೇಗ ದುಡಿಯಬೇಕೆಂದರೆ ಆಸ್ಪತ್ರೆಯ ಬಾಗಿಲು ಮುಚ್ಚಿತೆಂದಲ್ಲ. ಶುಶ್ರೂಷೆ, ಪ್ರಯೋಗಾಲಯದ ತಂತ್ರಜ್ಞತೆ, ಎಕ್ಸ್‌ರೇ ವಿಭಾಗ, ಆಂಬುಲೆನ್ಸ್ ಸೇವೆ – ಇವಕ್ಕೆ ವೈದ್ಯಕೀಯದಷ್ಟು ದೀರ್ಘ ತರಬೇತಿ ಬೇಡ. ಯಾವ ಕೋರ್ಸ್ ಆದರೂ ಸೇರುವ ಮೊದಲು ಒಂದು ಮಾತು ಖಚಿತಪಡಿಸಿಕೊ: ಮುಂದೆ ಮೇಲಿನ ಪದವಿಗೆ ಹೋಗಬೇಕೆಂದರೆ ಇಲ್ಲಿ ಓದಿದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಪ್ರಶ್ನೆ (ತಂದೆ):
ನನ್ನ ಮಗ ತಿಂಗಳಿಗೊಂದು ವೃತ್ತಿಯ ಹೆಸರು ಹೇಳುತ್ತಾನೆ. ಗದರಿಸಬೇಕೇ?

ಉತ್ತರ:
ಬೇಡಿ. ಅವನು ಹೇಳಿದ ಹೆಸರುಗಳನ್ನು ಒಂದೆಡೆ ಬರೆದಿಡಿ. ಛಾಯಾಗ್ರಾಹಕ, ಬಡಗಿ, ವಾಸ್ತುಶಿಲ್ಪಿ ಎಂದಿದ್ದರೆ ಅವನು ಅಲೆದಾಡುತ್ತಿಲ್ಲ, ಆಕಾರ ಕೊಡುವ ಕೆಲಸವನ್ನೇ ಸುತ್ತುತ್ತಿದ್ದಾನೆ. ಹೆಸರು ಬದಲಾದರೂ ಒಲವು ಬದಲಾಗಿರುವುದಿಲ್ಲ.

ವಿದ್ಯಾರ್ಥಿನಿ:
ಚೀಟಿ ಮಾಡಿ ನೋಡಿದೆ ಮೇಡಂ. ಭದ್ರತೆ ಮೊದಲು, ಜನರಿಗೆ ಉಪಯೋಗ ಎರಡನೆಯದು. ಸಂಬಳ ನಾಲ್ಕಕ್ಕೆ ಇಳಿಯಿತು, ನನಗೇ ಆಶ್ಚರ್ಯ. ಪರಿಚಯದ ಪ್ರಯೋಗಾಲಯ ತಂತ್ರಜ್ಞೆಯೊಬ್ಬರು ಮಾತನಾಡಲು ಒಪ್ಪಿದ್ದಾರೆ. ಏನು ಕೇಳಲಿ?

ಉತ್ತರ:
ಎಷ್ಟು ಚೆನ್ನಾಯಿತು! ‘ಕೆಲಸ ಹೇಗಿದೆ’ ಎಂದು ಕೇಳಬೇಡ, ‘ಚೆನ್ನಾಗಿದೆ’ ಎಂದು ಮುಗಿಸಿಬಿಡುತ್ತಾರೆ. ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದಿರಿ ಎಂದು ಕೇಳು. ಯಾವುದು ಬೇಸರ ತರಿಸುತ್ತದೆ, ರಾತ್ರಿ ಪಾಳಿ ಎಷ್ಟು, ಹೊಸಬರು ಯಾವ ಕಾರಣಕ್ಕೆ ಬಿಟ್ಟು ಹೋಗುತ್ತಾರೆ ಎಂಬುದನ್ನೂ ಕೇಳು. ಅವರು ಹೇಳಿದ ದಿನದಲ್ಲಿ ನಿನ್ನನ್ನು ನಿಲ್ಲಿಸಿಕೊಂಡು ನೋಡಿ, ಅನ್ನಿಸಿದ್ದನ್ನು ಇಲ್ಲಿ ಬರೆ. ಕಾಯುತ್ತಿರುತ್ತೇನೆ.